ಬಿಚ್ಚಿಹೋದ ಜಿಂಕೆ

ಶನಿವಾರ, ೧೪ ಜೂನ್ ೨೦೨೫. ಲೋವರ್ ಹಟ್.

ಮಗಳು ವಚನಾಳ ಕೈಪಟ್ಟಿಯನ್ನು ನಾನು ಹಾಳುಮಾಡಿದೆ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವಿಲ್ಲ.

ಮೆಕ್ಸಿಕೋದ ಅವಳ ಫ್ಲ್ಯಾಟ್‌ಮೇಟ್ ಊರಿಗೆ ಮರಳುವಾಗ ಕೊಟ್ಟದ್ದು ಅದು. ಆ ಹುಡುಗಿಯ ಅಜ್ಜಿ ಅಲ್ಲಿನ ಹುಯಿಚೋಲ್ ಎಂಬ ಮೂಲನಿವಾಸಿ ಜನಾಂಗದವರು. ಗಾಜಿನ ಮಣಿಗಳಿಂದ, ನಡುವೆ ಜಿಂಕೆಯ ಚಿತ್ರ ಮೂಡುವಂತೆ ನೇಯ್ದಿದ್ದರು. ಅಜ್ಜಿ ಈಗ ಇಲ್ಲ. ಅಂಚಿನ ದಾರ ಹರಿದು ನಾಲ್ಕು ಮಣಿ ಉದುರಿದ್ದವು. "ಜಸ್ಟ್ ಒಂದು ಗಂಟು ಹಾಕಪ್ಪಾ, ಸಾಕು," ಎಂದು ಹೇಳಿ ಅವಳು ಮಧ್ಯಾಹ್ನ ಹೊರಗೆ ಹೋದಳು. ತೇಪೆಯ ಕೆಲಸ ನನಗೆ ಒಗ್ಗದು. ದಾರವೆಲ್ಲ ಸವೆದಿದೆಯೆಂದು ತೀರ್ಮಾನಿಸಿ ಇಡೀ ಪಟ್ಟಿಯನ್ನು ಬಿಚ್ಚಿ, ಮಣಿಗಳನ್ನು ಬಣ್ಣದ ಪ್ರಕಾರ ಐದು ಡಬ್ಬಿಗಳಲ್ಲಿ ವಿಂಗಡಿಸಿದೆ. ಮರಳಿ ಪೋಣಿಸಲು ಕುಳಿತಾಗ, ಜಿಂಕೆಯ ಕೊಂಬು ಯಾವ ಸಾಲಿನಲ್ಲಿ ಶುರುವಾಗುತ್ತಿತ್ತು ಎಂಬುದೇ ತಿಳಿಯಲಿಲ್ಲ.

"ಲ್ಯಾಬಿನ್ಯಾಗ ಒಂದು ಸ್ಕ್ರೂ ಬಿಚ್ಚೂಕಿಂತ ಮೊದ್ಲ ಹತ್ತು ಫೋಟೋ ತಗೀತೀರಿ," ಎಂದಳು ನನ್ನ ಹೆಂಡತಿ ಶರಣ್ಯಾ. "ಮಗಳ ಸಾಮಾನಕ್ಕ ಒಂದೂ ಇಲ್ಲೇನ್ರಿ?"

ವಚನಾ ಡಬ್ಬಿಗಳನ್ನು ನೋಡಿ, "ಇಟ್ಸ್ ಓಕೆ ಅಪ್ಪಾ," ಎಂದಳು. ಬಹಳ ಮೆಲ್ಲಗೆ. ಬೈದಿದ್ದರೆ ಒಳ್ಳೆಯದಿತ್ತು.

ಹಿಂದೊಮ್ಮೆ ಅವಳೇ ಹೇಳಿದ್ದಳು: ಹುಯಿಚೋಲರಲ್ಲಿ ಜಿಂಕೆಯೆಂದರೆ ದಾರಿ ತೋರುವ ದೈವ, ಆಕ್ಲೆಂಡಿನ ಆಲ್ಬನಿಯಲ್ಲಿ ಒಬ್ಬಳೇ ಇದ್ದಾಗ ಅದನ್ನು ಮುಟ್ಟಿಕೊಂಡರೆ ಧೈರ್ಯ ಬರುತ್ತದೆ ಎಂದು. ಆಗ ನಾನು ಕೇಳಿದ್ದು ಮಣಿಯ ವ್ಯಾಸ ಎಷ್ಟೆಂದು.

ಇಂದು ಸಂಜೆಯೂ, ದಾರ ಹೇಗಿದ್ದರೂ ಸವೆದಿತ್ತೆಂದು ಎರಡು ಸಲ ವಿವರಿಸಿದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ನಾಳೆ ಬೆಳಿಗ್ಗೆ ಅವಳಿಗೆ ಆಕ್ಲೆಂಡ್ ವಿಮಾನ. ನಿಲ್ದಾಣದವರೆಗೆ ಕಾರಿನಲ್ಲಿ ನಾವಿಬ್ಬರೇ, ಇಪ್ಪತ್ತೈದು ನಿಮಿಷ. ಒಂದು ಮಾತಿಗೆ ಅಷ್ಟು ಧಾರಾಳವಾಯಿತು. ಆದರೆ ನನ್ನನ್ನು ನಾನು ಬಲ್ಲೆ: ದಾರಿಯುದ್ದಕ್ಕೂ ಅವಳ ಲಗೇಜಿನ ತೂಕದ ಬಗ್ಗೆಯೇ ಮಾತಾಡಿ, ಆ ಒಂದು ಮಾತನ್ನು ಆಡದೆಯೇ ಅವಳನ್ನು ಇಳಿಸಿ ಬರುತ್ತೇನೆ.