ಬೆಣೆ ಬಿಸ್ಕತ್ತು

ಮಲ್ಲೇಶ್ವರಂ, ಬೆಂಗಳೂರು
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗಳು ಲತಾಗೆ ಅಮ್ಮನ ಆಶೀರ್ವಾದ.

ನಿನ್ನ ಮಂಡಿನೋವು ಹೇಗಿದೆ? ನಾನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟಲಿ ಕಪಾಟಿನಲ್ಲೇ ಇದೆಯೋ? ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ? ನಾನು ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ನೀನು ಯಾರ ಮಾತನ್ನೂ ಮುಗಿಸಗೊಡುವುದಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಮಗಳು ರಮ್ಯಾ ಸಿ ಪ್ರೋಗ್ರಾಮಿಂಗ್ ಟೆಸ್ಟಿನಲ್ಲಿ ಫೇಲಾದದ್ದು ನಿಜ. ಟೈಪ್ ಮಾಡಿದ್ದೆಲ್ಲ ಕ್ಯೂ ನಿಂತ ಹಾಗೆ ಒಂದರ ಹಿಂದೆ ಒಂದು ಬರುತ್ತದಂತೆ, ಒಂದೊಂದನ್ನೇ ಕರೆದು ಓದಬೇಕಂತೆ. ಇಲ್ಲಿ ನನ್ನ ಮನೆಯಲ್ಲಿ ಕೂತು ಅವಳು ತನ್ನ ಹೆಸರನ್ನು ಕನ್ನಡದಲ್ಲೇ ಕೊಟ್ಟು ನೋಡಿದಳು. ಮ ಬಂದ ಕೂಡಲೇ ಕಂಪ್ಯೂಟರು ಮ ಎಂದು ಬರೆದು ಕೈ ತೊಳೆದುಕೊಂಡಿತು; ಹಿಂದಿದ್ದ ಒತ್ತು, ದೀರ್ಘ ಎಲ್ಲ ಚೂರುಚೂರಾಗಿ ಬಿದ್ದವು.

ನೋಡಿದಾಗ ನೀನೇ ನೆನಪಾದೆ. ನಿಮ್ಮಪ್ಪ ತರಕಾರಿ ಅಂಗಡಿ ಮುಚ್ಚುವ ಹೊತ್ತಿಗೆ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗುತ್ತಿದ್ದೆವಲ್ಲ, ಬರುವಾಗ ದಾರಿಯುದ್ದಕ್ಕೂ ನಿನಗೆ ಬೋರ್ಡು ಓದಿಸುತ್ತಿದ್ದೆ. ಬೇಕರಿ ಮುಂದೆ ನಿಂತು ನೀನು 'ಬೆಣೆ ಬಿಸ್ಕತ್ತು' ಅಂದೆ. 'ಬೆಣೆ ಕಚ್ಚಿದ್ರೆ ಹಲ್ಲು ಹೋಗುತ್ತೆ ಕಣಮ್ಮ, ಬೆಣ್ಣೇದೇ ಕೊಡಿಸ್ತೀನಿ' ಅಂತ ನಿಮ್ಮಪ್ಪ ನಕ್ಕರು. ನಾನು ನಗಲಿಲ್ಲ. ಮುಂದೇನಿದೆ ನೋಡದೆ ಬಾಯಿ ಬಿಡಬೇಡ ಅಂತ ಕಿವಿ ಹಿಂಡಿದೆ. ಬಿಸಿ ಪೊಟ್ಟಣದ ಬೆಣ್ಣೆ ಘಮ, ಅವರ ಅಂಗಿಯ ಕೊತ್ತಂಬರಿ ವಾಸನೆ, ಬೇಕರಿಯ ಆ ತಿರುವಿಗೆ ಹೋದರೆ ಈಗಲೂ ನನಗೆ ಬರುತ್ತದೆ.

ಇದನ್ನು ರಮ್ಯಾಗೆ ಹೇಳಿದೆ. ತುಂಬ ಹೊತ್ತು ನಕ್ಕಳು, ಆಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು, ನಿನ್ನೆ ತಾನೇ ಸರಿಮಾಡಿದಳು. ಒಂದನ್ನು ಓದಿದ ಮೇಲೆ ಮುಂದಿನದನ್ನೂ ಕರೆದು ನೋಡುವುದು. ಇದಕ್ಕೆ ಸೇರಿದ್ದಾದರೆ ಜೊತೆಗಿಡುವುದು, ಅಲ್ಲವಾದರೆ ವಾಪಸ್ ಕ್ಯೂಗೆ ಕಳಿಸುವುದು. ಹಾಗೆ ಕಳಿಸಲು 'ಅನ್‌ಗೆಟ್' ಅಂತ ಏನೋ ಇದೆಯಂತೆ. ಈಗ ಅವಳ ಹೆಸರು ಎರಡೇ ಅಕ್ಷರವಾಗಿ ಬರುತ್ತದೆ.

ಮೊನ್ನೆ ಅವಳು 'ನಾನು ಓದಲ್ಲ' ಅನ್ನುತ್ತಿದ್ದಂತೆ ನೀನು 'ಶನಿವಾರ ಬಂದು ಕರ್ಕೊಂಡ್ ಹೋಗ್ತೀನಿ' ಅಂತ ಫೋನ್ ಇಟ್ಟುಬಿಟ್ಟೆ. ಅವಳು ಹೇಳಹೊರಟದ್ದು 'ಓದಲ್ಲ ಅಂತಲ್ಲ ಅಮ್ಮ, ಇನ್ನೊಂದ್ಸಲ ಬರೀತೀನಿ' ಅಂತ. ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಅವಳೂ ಹಠಕ್ಕೆ ಫೋನ್ ಮಾಡಲಿಲ್ಲ, ನಿನ್ನ ಮಗಳೇ ತಾನೆ. ಇಷ್ಟು ವಯಸ್ಸಾದರೂ ನೀನು ಬೆಣೆಯೇ ಓದುತ್ತಿದ್ದೀಯ. ಹುಡುಗಿ ನನ್ನ ಮನೆಯಲ್ಲೇ ಇದ್ದು ಓದು ಮುಗಿಸುತ್ತಾಳೆ. ಶನಿವಾರ ನೀನು ಬರುವುದು ಬೇಡ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಮಂಡಿಗೆ ಎಣ್ಣೆ ಹಚ್ಚು.

ನಿನ್ನ ಅಮ್ಮ,
ಮುತ್ಯಾಲಮ್ಮ

ಮರೆತಿದ್ದೆ: 'ಬೇಡ' ಅನ್ನುವಲ್ಲಿಗೇ ಓದಿ ಕಾಗದ ಮಡಿಚಿಡಬೇಡ. ಅವಳನ್ನು ಕರೆದೊಯ್ಯಲು ಬರುವುದು ಬೇಡ ಅಂದೆ. ನನ್ನ ಜೊತೆ ಎರಡು ದಿನ ಇರುವುದಕ್ಕೆ ಬಾ. ಬೇಕರಿ ಇನ್ನೂ ಇದೆ.