ಮೊದಲು ಮಾತಾಡುವವರು

ಪೀಣ್ಯ
೨೪-೮-೧೯೮೪

ಚಿ. ಸೌ. ಪ್ರಭಾಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮ? ಚಂದಾಪುರದ ನೀರು ಒಗ್ಗಿತೇ? ಮಳೆಗಾಲದ ಆ ಕೆಮ್ಮು ಈ ಸಲವೂ ಬಂತೇ? ನನ್ನ ಮಂಡಿನೋವು ಎಂದಿನಂತಿದೆ, ಅಡುಗೆ ಮಾತ್ರ ಸುಧಾರಿಸಿದೆ. ನೀನು ನನ್ನನ್ನು ಕೇಳದೆ ರಾಮಾಂಜಿನಪ್ಪನನ್ನು ರಿಜಿಸ್ಟರ್ ಮದುವೆಯಾಗಿ ಹೋದ ಮೇಲೆ ಎರಡು ವರ್ಷ ನಾನು ಒಂದಕ್ಷರ ಬರೆಯಲಿಲ್ಲ. ತಪ್ಪು ನಿನ್ನದು, ಮೊದಲು ನೀನೇ ಬರೆಯಬೇಕು ಎಂದು ಬಿಗಿದುಕೊಂಡು ಕೂತಿದ್ದೆ. ಹಟದಲ್ಲಿ ನೀನೂ ನನ್ನ ಮಗಳೇ, ಬರೆಯಲಿಲ್ಲ.

ಈಗ ಬರೆಯುತ್ತಿರುವ ಕಾರಣ ಕೇಳಿದರೆ ನಗುತ್ತೀಯ. ಸೋಮವಾರ ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕಾಲೇಜಿನ ಮೇಡಂ ಒಬ್ಬರು ನಕ್ಷತ್ರಗಳ ಬಗ್ಗೆ ಭಾಷಣ ಮಾಡಿದರು. ಆಕಾಶದಲ್ಲಿ ಅನಿಲ, ದೂಳಿನ ದೊಡ್ಡ ಮೋಡಗಳಿವೆಯಂತೆ. ಅವು ತಮ್ಮ ಭಾರಕ್ಕೆ ತಾವೇ ಕುಸಿದು, ಒತ್ತಿಕೊಂಡು, ಲಕ್ಷಾಂತರ ವರ್ಷ ಒಳಗೇ ಕಾದು ಕೊನೆಗೆ ನಕ್ಷತ್ರವಾಗಿ ಬೆಳಗುತ್ತವಂತೆ. ಮೂವತ್ತು ವರ್ಷ ಫೌಂಡ್ರಿಯಲ್ಲಿ ಕುಲುಮೆ ಹೊತ್ತಿಸಿದ ನನಗೇ ಪಾಠ! ಇದ್ದಿಲಿಲ್ಲದೆ, ಗಾಳಿ ಊದದೆ ಉರಿಯುವ ಬೆಂಕಿ ಯಾವುದು ಎಂದು ಎದ್ದು ಜಗಳ ತೆಗೆದೆ. "ಅದು ಸುಡೋ ಬೆಂಕಿ ಅಲ್ಲ ಸಾರ್, ಒತ್ತಡಕ್ಕೆ ಹೈಡ್ರೋಜನ್ ಪರಮಾಣುಗಳು ಬೆಸೆದುಕೊಂಡಾಗ ಬರೋ ಶಾಖ" ಎಂದು ಆಕೆ ಬೇಸರಪಡದೆ ಹೇಳಿದರು.

ಮಿಕ್ಕ ದೂಳೇ ಸುತ್ತ ಗ್ರಹಗಳಾಗುತ್ತದಂತೆ. ನೀರು ಕುದಿದು ಹೋಗದ, ಹೆಪ್ಪುಗಟ್ಟದ ದೂರದಲ್ಲಿರುವ ಗ್ರಹದಲ್ಲಿ ಜೀವವೂ ಇರಬಹುದಂತೆ. "ಹಾಗಾದ್ರೆ ಅವರು ಯಾಕೆ ಇನ್ನೂ ನಮ್ಮನ್ನ ಮಾತಾಡ್ಸಿಲ್ಲ?" ಎಂದೆ. "ನಾವು ಬರೀ ಕಿವಿಗೊಟ್ಟು ಕೂತಿದೀವಿ ಸಾರ್. ಅವರೂ ಹಂಗೇ ಕೂತಿದ್ರೆ? ಯಾರಾದ್ರೂ ಮೊದಲು ಮಾತಾಡ್ಬೇಕಲ್ವಾ" ಎಂದರು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ನನಗೆ ನಿನ್ನ ಮುಖ ಕಣ್ಣಮುಂದೆ ಬಂತು. ಆ ಗ್ರಹದವರಿಗೂ ನಮಗೂ ನಡುವೆ ಕೋಟ್ಯಂತರ ಮೈಲಿ, ನಿನಗೂ ನನಗೂ ಬರೀ ಎರಡು ಬಸ್ಸು. ನಿನ್ನನ್ನು ನೋಡದೆ ತುಂಬ ಕಷ್ಟವಾಗಿದೆ, ಮಗಳೇ.

ಕೆಮ್ಮಿಗೆ ಕಷಾಯ ಮಾಡಿಕೊಂಡು ಕುಡಿ. ನೂರು ಕಾಲ ನಗುನಗುತ್ತಾ ಬಾಳು.

ನಿನ್ನ ಹಟಮಾರಿ ಅಪ್ಪ,
ವೆಂಕಟಸುಬ್ಬಯ್ಯ

ಮರೆತೆ: ಕಾಗದ ತರುವ ಆವಲಪ್ಪ ನನ್ನ ಜೊತೆ ಕೆಲಸ ಮಾಡುವವನು. ಅವನ ಕೈಯಲ್ಲೇ ತವರಿನ ಗೌರಿ ಬಾಗಿನ ಕಳಿಸಿದ್ದೇನೆ. ನಿನ್ನ ಅಮ್ಮ ಇದ್ದಿದ್ದರೆ ಹೋದೆರಡು ಹಬ್ಬಕ್ಕೂ ತಪ್ಪಿಸುತ್ತಿರಲಿಲ್ಲ. ನಾನೇ ಬಳೆ, ಅರಿಸಿನ ಕುಂಕುಮ, ಬೇಳೆ, ಬೆಲ್ಲ ಎಲ್ಲ ಒಂದು ಮೊರದಲ್ಲಿ ತುಂಬಿ ಟವೆಲ್ ಸುತ್ತಿದೆ. ಪಕ್ಕದ ಮನೆ ವಸಂತಮ್ಮ ನೋಡಿ, "ಅಯ್ಯೋ, ಮೇಲೆ ಇನ್ನೊಂದು ಮೊರ ಮುಚ್ಚಬೇಕು ಕಣ್ರೀ" ಎಂದು ನಕ್ಕರು. ಓಡಿಹೋಗಿ ಇನ್ನೊಂದು ತಂದೆ. ಅದನ್ನು ಬೇಕೆಂದೇ ಕಳಿಸಿಲ್ಲ. ಹಬ್ಬದ ದಿನ ನೀನೂ ನಮ್ಮ ಅಳಿಯಂದಿರೂ ಬಂದು ತೆಗೆದುಕೊಂಡು ಹೋಗಿ.