ಕಾಯುವವಳ ಪಾತ್ರ

ವಿಜಯಪುರ
ಬುಧವಾರ, ೮ ಜನವರಿ ೨೦೨೫

ಬಬಲೇಶ್ವರದಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಸಿಟ್ಟು ಮಾಡಿಕೊಂಡು ಕುಳಿತಿರುವ ನಮ್ಮ ಯಜಮಾನರಿಗೆ, ಸಂಘಮಿತ್ರಾಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಕಾಶಿಬಾಯಿ ಅಕ್ಕನ ಫೋನಿನಿಂದ ದಿನಾ ತಿಳಿಯುತ್ತಿದೆ. ಎರಡೂ ಹೊತ್ತು ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಗಟ್ಟಿ ಮೊಸರು. ಸಿಟ್ಟು ಬಂದರೆ ಅನ್ನ ಸೇರುವುದಿಲ್ಲ ಎನ್ನುತ್ತಾರಲ್ಲ, ಅದು ಸುಳ್ಳು ಎಂದು ನಿಮ್ಮಿಂದ ಗೊತ್ತಾಯಿತು.

ಪತ್ರ ತಡವಾಯಿತು, ಕ್ಷಮಿಸಿ. ಇವತ್ತು ಬಂದಾರು, ನಾಳೆ ಬಂದಾರು ಎಂದು ಬರೆಯದೆ ಕುಳಿತೆ. ನಿಮ್ಮ ಫೋನಂತೂ ಸ್ವಿಚ್ ಆಫ್. ಲಕೋಟೆ ಕೊಳ್ಳಲು ಹೋದರೆ ಅಂಚೆ ಕಚೇರಿಯ ಹುಡುಗಿ "ಯಾವ ಊರಿಗ್ರಿ ಅಕ್ಕೋರ?" ಎಂದಳು. ಬಬಲೇಶ್ವರಕ್ಕೆ ಎಂದೆ. "ಯಪ್ಪಾ! ಬಸ್ಸಿಗೆ ಹೋಗಿ ಕೈಯಾಗ ಕೊಟ್ಟು ಬಂದ್ರ ಲಗೂ ಮುಟ್ಟತೈತಲ್ರಿ!" ಎಂದು ನಕ್ಕಳು. ನಿಮ್ಮ ದೆಸೆಯಿಂದ ಅದನ್ನೂ ಕೇಳಿಸಿಕೊಂಡೆ.

ಎಳ್ಳ ಅಮಾವಾಸ್ಯೆಗೆ ಅಕ್ಕನ ಹೊಲದಲ್ಲಿ ಭೂಮಿತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ಹೋದವರು ನೀವು. ಎಲ್ಲರೂ ಚರಗ ಚೆಲ್ಲಿ, ಕಡುಬು ತಿಂದು ಮನೆಗೆ ಬಂದರು. ನೀವು ಮಾತ್ರ ಬಿತ್ತಿದ ಹಾಗೆ ಅಲ್ಲೇ ಉಳಿದಿರಿ. ಹೋಗುವಾಗ ಏನೆಂದಿರಿ, ನೆನಪಿದೆಯೇ? "ಐವತ್ತು ದಾಟಿದಾಕಿ ಗೆಜ್ಜಿ ಕಟ್ಟಿ ಕುಣದ್ರ ಮಂದಿ ನಿನ್ನ ನೋಡಂಗಿಲ್ಲ, ನನ್ನ ಮಾರಿ ನೋಡಿ ನಗತಾರ. ಆ ಪಾತ್ರ ಬಿಡು, ಮನಿಗೆ ಬರ್ತೇನಿ." ನಾನು ಪಾತ್ರ ಬಿಡಲಿಲ್ಲ, ನೀವು ಮನೆಗೆ ಬರಲಿಲ್ಲ. ಇಬ್ಬರೂ ಮಾತಿಗೆ ತಪ್ಪದ ಜನ!

ಆ ಪಾತ್ರ ಯಾವುದು ಎಂದಾದರೂ ಕೇಳಬೇಕಿತ್ತು ನೀವು. ಕೇಳಲಿಲ್ಲ, ಹೇಳುತ್ತೇನೆ. ಅವಳಿಗೆ ವಾಸಕಸಜ್ಜಿಕೆ ಎನ್ನುತ್ತಾರೆ. ಗಂಡ ಬರುವ ಹೊತ್ತಿಗೆ ಮನೆ ಸಿಂಗರಿಸಿ, ತಾನೂ ಸಿಂಗರಿಸಿಕೊಂಡು, ಬಾಗಿಲ ಕಡೆ ಕಣ್ಣಿಟ್ಟು ಕಾಯುವ ನಾಯಿಕೆ. ಕೊನೆಗೆ ಅವನು ಬರುತ್ತಾನೆ, ಅವಳು ಬಾಗಿಲು ತೆರೆಯುತ್ತಾಳೆ, ಅಲ್ಲಿಗೆ ಪದ ಮುಗಿಯಿತು. ಗಂಡನ ಪಾತ್ರಕ್ಕೆ ಯಾರೂ ಇರುವುದಿಲ್ಲ, ಅವನು ಇದ್ದಾನೆ ಎಂದು ಅವಳೇ ತೋರಿಸಬೇಕು. ನನಗೆ ಒಳ್ಳೆಯ ಅಭ್ಯಾಸವಿದೆ ಬಿಡಿ.

ಬರುವ ಭಾನುವಾರ ವಿಜಯಪುರದಲ್ಲಿ ನಮ್ಮ ನೃತ್ಯ ತರಗತಿಯ ಕಾರ್ಯಕ್ರಮ. ಪಾತ್ರ ಒಂದು, ಬಯಸಿದವರು ಮೂವರು. ಕಲಿಸುವ ಆರತಿ ಮೇಡಂ ನನ್ನ ಅರ್ಧ ವಯಸ್ಸಿನವಳು. ಆಕೆ ಒಂದು ಉಪಾಯ ಮಾಡಿದಳು. ಹೋದ ಭಾನುವಾರ ನಾನು ಕಲಿಸುವ ಶಾಲೆಯ ಊರಾದ ತಿಕೋಟಾದ ಸಮುದಾಯ ಭವನದಲ್ಲಿ ಮೂವರಿಂದಲೂ ಅದೇ ಪದ ಮಾಡಿಸುವುದು, ನೋಡಿ ಆರಿಸುವುದು.

ಮೊದಲು ನಂದಾ. ಒಣದ್ರಾಕ್ಷಿ ವ್ಯಾಪಾರಿಯ ಹೆಂಡತಿ, ಹೊಸ ಮದುವೆ. ಕಾಡಿಗೆ ಹಚ್ಚಿದಳು, ಒರೆಸಿದಳು, ಮತ್ತೆ ಹಚ್ಚಿದಳು. ಹೂವು ಎಡಕ್ಕೋ ಬಲಕ್ಕೋ ಎಂಬ ತೀರ್ಮಾನವೇ ಆಗಲಿಲ್ಲ. ಹಾಡು ಮುಗಿಯಲು ಬಂದರೂ ಅವಳಿನ್ನೂ ಕನ್ನಡಿಯ ಮುಂದೆ! ಹೀಗೇಕೆ ಎಂದು ಆಮೇಲೆ ಕೇಳಿದರೆ, "ಅವ್ರು ಬರೂದ ಬರ್ತಾರ್ರಿ, ನಾ ಛಂದ ಕಾಣಬೇಕಲ್ಲ" ಎಂದಳು. ಅವಳ ಗಂಡ ತರಗತಿ ಮುಗಿಯುವ ಮೊದಲೇ ಕೆಳಗೆ ಬಂದು ಹಾರ್ನ್ ಬಾರಿಸುವವನು. ಕಾಯುವುದೆಂದರೆ ಏನೆಂದು ಅವಳಿಗೆ ಗೊತ್ತೇ ಇಲ್ಲ. ಆದರೆ ಬಾಗಿಲು ತೆರೆದಳಲ್ಲ, ಆಗಿನ ಮುಖ ನೋಡಬೇಕಿತ್ತು. ಸಭೆಯಲ್ಲಿದ್ದ ಗಂಡಸರೆಲ್ಲ ತಮ್ಮನ್ನೇ ನೋಡಿದಳೆಂದು ಅಂಗಿ ಸರಿಮಾಡಿಕೊಂಡರು.

ಎರಡನೆಯವಳು ವಿಶಾಖಾ, ಪೊಲೀಸ್ ಕಾನ್‌ಸ್ಟೇಬಲ್. ಅವಳ ನಾಯಿಕೆ ಸೊಂಟದ ಮೇಲೆ ಕೈಯಿಟ್ಟು ಬೀದಿ ನೋಡಿದರೆ ಮುಂದಿನ ಸಾಲಿನವರಿಗೆ ಲೈಸೆನ್ಸ್ ತೆಗೆಯಬೇಕು ಅನ್ನಿಸಿತು. ಶೃಂಗಾರದ ಬದಲು ವಿಚಾರಣೆ! ಆರತಿ ಮೇಡಂ ತಲೆಯ ಮೇಲೆ ಕೈ ಹೊತ್ತಳು. ವಿಶಾಖಾ ಬಿಡಲಿಲ್ಲ. "ಯಾಕ ತಡಾ ಆತು, ಎಲ್ಲಿಗೆ ಹೋಗಿದ್ದಿ ಅಂತ ಕೇಳೂದ ಪ್ರೀತಿರಿ ಮೇಡಂ. ಕೇಳದಾಕಿ ಕಲ್ಲಾಗಿರ್ತಾಳ" ಎಂದು ವಾದಿಸಿದಳು. ಅವಳೂ ಬಾಗಿಲು ತೆರೆದಳು, ಕಣ್ಣು ಕೆಂಪು ಮಾಡಿದಳು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಜನ ಸೀಟಿ ಹೊಡೆದರು.

ಮೂರನೆಯವಳು ನಿಮ್ಮ ಹೆಂಡತಿ. ನನಗೆ ಕಾಡಿಗೆ, ಹೂವು ಎಲ್ಲ ಬೇಗ ಮುಗಿಯಿತು. ಉಳಿದ ಹೊತ್ತಿಗೆ ಏನು ಮಾಡಲಿ? ಕಾಯುವಾಗ ನಾನು ಮಾಡುವುದನ್ನೇ ಮಾಡಿದೆ. ಹಸ್ತಮುದ್ರೆಯಲ್ಲಿ ರೊಟ್ಟಿ ಬಡಿದೆ, ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿದೆ, ಒಣಗಿದ ಬಟ್ಟೆ ಒಳಗೆ ತಂದೆ, ಹೊರಗೆ ಬಂದು ನೋಡಿದೆ, ಒಳಗೆ ಹೋದೆ, ತಣ್ಣಗಾದ ಪಲ್ಯ ಮತ್ತೆ ಬಿಸಿ ಮಾಡಿದೆ. ತಾಲೀಮಿನಲ್ಲೇ ಆರತಿ ಮೇಡಂ ಬೈದಿದ್ದಳು: "ಮೇಡಂ, ಇದು ಶೃಂಗಾರ ರಸರಿ! ನೀವು ನೀರಿನ ಟಾಕಿ ತುಂಬಿತೇನಂತ ನೋಡಾಕತ್ತೀರಿ!"

ಆದರೆ ತಿಕೋಟಾದ ಹೆಂಗಸರು ಉಸಿರು ಹಿಡಿದು ನೋಡಿದರು. ನಾನು ಇನ್ನೊಮ್ಮೆ ಪಲ್ಯ ಬಿಸಿ ಮಾಡಲು ಹೋದೆನೋ ಇಲ್ಲವೋ, ಬಿಜ್ಜರಗಿಯಿಂದ ಬಂದಿದ್ದ ಲಕ್ಕವ್ವಜ್ಜಿ ಎದ್ದು ನಿಂತಳು. ಅವಳ ಮೊಮ್ಮಗಳು ನನ್ನ ವಿದ್ಯಾರ್ಥಿನಿ. "ಯವ್ವಾ, ಉಂಡು ಮಲಕ್ಕೋ ಬೇ! ಎಷ್ಟೊತ್ತು ಕಾಯ್ತಿ? ಬರಾವ ಇದ್ರ ಇಷ್ಟೊತ್ತಿಗೆ ಬರ್ತಿದ್ದ!" ಎಂದು ಕೂಗಿದಳು. ಹಿಂದಿನಿಂದ ದ್ರಾಕ್ಷಿ ತೋಟದ ಸಿದ್ದರಾಯ ಎದ್ದ. ಅವನ ಮಗನೂ ನನ್ನ ಶಾಲೆಯವನೇ, ನಮ್ಮ ಮನೆಯ ಸುದ್ದಿ ಎಲ್ಲ ಅವನಿಗೆ ಗೊತ್ತು. "ಅಕ್ಕೋರ, ರಾಜಾರಾಮ ಸಾಹೇಬ್ರು ಬಬಲೇಶ್ವರದಾಗ ಅದಾರಂತಲ್ರಿ? ನನ್ನ ಗಾಡಿ ಹೊರಗ ಐತಿ. ಹೋಗಿ ಕರಕೊಂಡು ಬರ್ತೇನಿ, ಅಲ್ಲೀತನಕ ನೀವು ಕುಣೀತಿರ್ರಿ!"

ಇಡೀ ಭವನ ಬಿದ್ದು ಬಿದ್ದು ನಕ್ಕಿತು. ಅವನು ತಮಾಷೆಗೆ ಅಂದದ್ದಲ್ಲ, ಪಾಪ, ನಿಜವಾಗಿಯೂ ಕೀಲಿ ಕೈ ತೆಗೆದಿದ್ದ. ನಾಲ್ಕು ಜನ ಹಿಡಿದು ಕೂರಿಸಬೇಕಾಯಿತು. ಮಂದಿ ನಗುತ್ತಾರೆ ಎಂದಿದ್ದಿರಿ, ನಕ್ಕರು. ಅದೂ ನೀವಂದಂತೆಯೇ, ನನ್ನನ್ನು ನೋಡಿ ಅಲ್ಲ.

ಆಮೇಲೆ ಕೊನೆಯ ತುಣುಕು ಬಂತು. ಅವನು ಬಂದ. ನಾನು ಬಾಗಿಲು ತೆರೆದೆ. ಮುಖ ಅರಳಬೇಕು, ಅಷ್ಟೇ ಕೆಲಸ. ನನ್ನ ಮುಖ ಇದ್ದಲ್ಲೇ ಇತ್ತು, ಕೈ ಮಾತ್ರ ತಾನಾಗಿ ಮುಂದೆ ಹೋಯಿತು, ಚೀಲ ಇಸಿದುಕೊಳ್ಳಲು! ಲಕ್ಕವ್ವಜ್ಜಿ "ತರಕಾರಿ ಏನು ತಂದಾನಬೇ?" ಎಂದಳು. ಮತ್ತೆ ನಗೆ. ನಾನೂ ನಕ್ಕೆ.

ಕಾರ್ಯಕ್ರಮ ಮುಗಿದ ಮೇಲೆ ಆರತಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದಳು. "ಕಾಯೂದು ನಿಮ್ಮಂಗ ಯಾರಿಗೂ ಬರಂಗಿಲ್ರಿ. ನನಗ ಅಳು ಬಂತು. ಆದ್ರ ಅಂವ ಬಂದ ಮ್ಯಾಲೆ ನಿಮ್ಮ ಮಾರಿ ಬದಲಾಗಂಗಿಲ್ಲ. ಶನಿವಾರ ಸಂಜಿಮುಂದ ಮತ್ತೊಮ್ಮೆ ಮಾಡಿ ತೋರಸ್ರಿ. ಬಂತಂದ್ರ ಪಾತ್ರ ನಿಮ್ದು, ಇಲ್ಲಂದ್ರ ನಂದಾಗ ಕೊಡ್ತೇನಿ" ಎಂದಳು. ನ್ಯಾಯವಾದ ಮಾತು. ಆದರೂ ಹೊಟ್ಟೆ ಉರಿಯಿತು. ಈ ಪಾತ್ರ ನನಗೆ ಬೇಕು ರೀ. ಬದುಕಿನಲ್ಲಿ ಇದೊಂದನ್ನು ನಾನಾಗಿಯೇ ಕೇಳಿಕೊಂಡು ಹೋಗಿದ್ದೇನೆ.

ಸಾಕು, ಬರೆದರೆ ಮುಗಿಯುವುದಿಲ್ಲ. ಥಂಡಿ ಇದೆ, ಕಟ್ಟೆಯ ಮೇಲೆ ಬಹಳ ಹೊತ್ತು ಕೂರಬೇಡಿ. ಬಿ.ಪಿ. ಗುಳಿಗೆ ನಿಮ್ಮ ಚೀಲದ ಪಕ್ಕದ ಜೇಬಿನಲ್ಲಿವೆ, ನಾನೇ ಇಟ್ಟಿದ್ದೆ. ಸಿಟ್ಟಿನಲ್ಲಿ ಹೋಗುವವರ ಚೀಲವನ್ನೂ ನಾನೇ ತುಂಬಿದ್ದೇನೆ ನೋಡಿ, ಎಂಥ ಹುಚ್ಚಿ! ಅಕ್ಕನಿಗೆ ನಮಸ್ಕಾರ, ಮನೆಯ ಮಕ್ಕಳಿಗೆಲ್ಲ ಆಶೀರ್ವಾದ, ನಿಮಗೆ ಒಳ್ಳೆಯ ಬುದ್ಧಿ.

ನಿಮ್ಮ
ಸಂಘಮಿತ್ರಾ

ತಾ.ಕ.: ಲಕೋಟೆಗೆ ಹಾಕಿದ್ದ ಪತ್ರವನ್ನು ಮತ್ತೆ ತೆಗೆದಿದ್ದೇನೆ. ಕನ್ನಡಿಯ ಮುಂದೆ ದಿನಾ ಬಾಗಿಲು ತೆರೆಯುತ್ತಿದ್ದೇನೆ, ಮುಖ ಅರಳುತ್ತಿಲ್ಲ. ನಾಚಿಕೆ ಬಿಟ್ಟು ನಂದಾಳನ್ನೇ ಕೇಳಿದೆ, ನೀನು ಹೇಗೆ ಮಾಡುತ್ತೀ ಎಂದು. "ನಾ ಏನೂ ಮಾಡಂಗಿಲ್ರಿ ಅಕ್ಕೋರ. ಬಾಗಲಾ ತಗದ ಕೂಡಲೇ ಅವ್ರು ನನ್ನ ನೋಡ್ತಾರಲ್ರಿ, ಅದನ್ನ ನೆನಸ್ಕೋತೇನಿ" ಎಂದಳು. ನಾನೂ ನೆನೆಸಿಕೊಳ್ಳಲು ಕುಳಿತೆ. ಮದುವೆಯಾದಾಗಿನಿಂದ ಹುಡುಕಿದೆ. ನೀವು ಚಪ್ಪಲಿ ಬಿಟ್ಟದ್ದು, ನೀರು ಕೇಳಿದ್ದು, ಟಿ.ವಿ. ಹಚ್ಚಿದ್ದು ಎಲ್ಲ ಸಿಕ್ಕಿತು. ನನ್ನನ್ನು ನೋಡಿದ್ದು ಒಂದು ಸಲವೂ ಸಿಗಲಿಲ್ಲ. ನೋಡಿರಬಹುದು, ನಾನೇ ಮರೆತಿರಬಹುದು. ಭಾನುವಾರ ಕುಣಿತ ನೋಡಲು ಬರದಿದ್ದರೂ ನಡೆದೀತು. ಶನಿವಾರ ಮಧ್ಯಾಹ್ನ ಮನೆಗೆ ಬನ್ನಿ. ಕದ ಬಡಿಯಿರಿ. ನಾನು ತೆರೆದ ಮೇಲೆ, ಒಳಗೆ ಬರುವ ಮೊದಲು, ಸ್ವಲ್ಪ ಹೊತ್ತು ಅಲ್ಲೇ ನಿಂತು ನನ್ನ ಮುಖ ನೋಡಿ.